ಆಯ್ತು ಎನ್ನುವವರೆಗೆ

ಕೆನ್ನೆಗೆ ಗಾಳಿ ಸೋಕಿತೇ, ಇಲ್ಲ, ಸೋಕಲಿಲ್ಲ, ಬಾಯಿ ಸುರುಳಿ ಸುತ್ತಿ ಹಿಡಿದ ರಬ್ಬರ್ ಗ್ಲೌಸು ಐದೂ ಬೆರಳು ಉಬ್ಬಿಸಿಕೊಂಡು ಕೆನ್ನೆಯ ಪಕ್ಕದಲ್ಲಿ ನಿಂತಿದೆ, ಎಲ್ಲೂ ತೂತಿಲ್ಲ, ಸೂಜಿಮೊನೆಯಷ್ಟು ತೂತಿದ್ದರೂ ಕರೆಂಟಿಗೆ ಅದು ಹೆಬ್ಬಾಗಿಲು, ಅದಕ್ಕೇ ದಿನವೂ ಹೀಗೆ ಗಾಳಿ ತುಂಬಿ ಕೆನ್ನೆಗೆ ಹಿಡಿದು ನೋಡಬೇಕು — ಯಾರದೋ ಕೈ ಹತ್ತಿರ ಬಂದು, ಮುಟ್ಟಲೋ ಬೇಡವೋ ಎಂದು ನಿಂತ ಹಾಗೆ, ಥೂ, ಈ ವಯಸ್ಸಿನಲ್ಲಿ ಇದೆಂಥ ಯೋಚನೆ, ಅವಳು ಗಾಳಿ ಬಿಟ್ಟು ಗ್ಲೌಸನ್ನು ಕೈಗೆ ಏರಿಸಿದಳು, ಅದರ ಮೇಲೆ ಚರ್ಮದ್ದು, ಮುಖದ ಮುಂದೆ ಪಾರದರ್ಶಕ ಪರದೆ, ಕಾಲ ಕೆಳಗೆ ದಪ್ಪ ರಬ್ಬರ್ ಚಾಪೆ, ಇವತ್ತೇ ಕೊನೆ, ನಾಳೆಯಿಂದ ಈ ಕೆಲಸವನ್ನು ಅಗೋ ಆ ಗಾಜಿನ ಗೂಡಿನೊಳಗೆ ಹೊದಿಕೆ ಹೊದ್ದು ಕೂತಿರುವ ಯಂತ್ರದ ತೋಳು ಮಾಡುತ್ತದೆ, ಅದಕ್ಕೆ ಗ್ಲೌಸೂ ಬೇಡ, ಕೆನ್ನೆಯೂ ಇಲ್ಲ, ಹಿಂದೆ ಕೊಕ್ಕೆ ಹಿಡಿದು ನಿಲ್ಲುವವರಂತೂ ಬೇಡವೇ ಬೇಡ. ಅವಳು ಮೇಲಿನ ಮಹಡಿಗೆ, ಹೊಸ ಸೆಲ್‌ಗಳನ್ನು ಪರೀಕ್ಷಿಸುವ ಕೋಣೆಗೆ. ಕೊಕ್ಕೆ ಹಿಡಿಯುವ ಅವರು ಪೇಟೆಯ ಆ ತುದಿಯಲ್ಲಿರುವ ಗೋದಾಮಿಗೆ, ಇವತ್ತೇ, ಈ ಬ್ಯಾಟರಿ ಪ್ಯಾಕ್ ಮುಗಿದ ಕೂಡಲೇ, ವ್ಯಾನು ಆಗಲೇ ಗೇಟಿನ ಹತ್ತಿರ ಬಂದು ನಿಂತಿದೆ.

ಶುರು, ಎಂದಳು. ಹಿಂದೆ ರಬ್ಬರ್ ಚಾಪೆಯ ಮೇಲೆ ಬೂಟು ಒಂದು ಸಲ ಕಿರಕ್ಕೆಂದು ಸುಮ್ಮನಾಯಿತು, ಹಳದಿ ಕೊಕ್ಕೆ ಬಂದು ಅವಳ ಸೊಂಟದ ಹಿಂದೆ, ಒಂದು ಗೇಣಿನ ದೂರದಲ್ಲಿ, ನಿಂತಿತು, ತಿರುಗಿ ನೋಡದೆಯೇ ಅವಳಿಗೆ ಗೊತ್ತು, ಬೆನ್ನಿಗೂ ಕಣ್ಣಿರುತ್ತದೆ ಎನ್ನುತ್ತಾರಲ್ಲ, ಅವಳ ಬೆನ್ನಿಗೆ ಈ ಮೂರು ವರ್ಷದಲ್ಲಿ ಕಣ್ಣು ಬಂದಿದೆ. ಎದುರಿಗೆ ಮಂಚದಷ್ಟು ದೊಡ್ಡ ಅಲ್ಯೂಮಿನಿಯಂ ತಟ್ಟೆ, ಅದರೊಳಗೆ ಸಾಲುಸಾಲಾಗಿ ಸೆಲ್ಲುಗಳು, ಬೇರೆಯವರು ಬೆಳಗಿನಿಂದ ಜೋಡಿಸಿ, ಅಂಟು ಹಾಕಿ, ತಂತಿ ಎಳೆದು ಇವಳ ಮುಂದೆ ತಳ್ಳುತ್ತಾರೆ, ಅಲ್ಲಿಯವರೆಗೂ ಅದು ಬಿಡಿಬಿಡಿ, ಕೊನೆಯ ತಾಮ್ರದ ಪಟ್ಟಿಯನ್ನು ಇವಳು ಕೂಡಿಸಿದ ಮೇಲೆಯೇ ಇಡೀ ಪ್ಯಾಕ್‌ಗೆ ಜೀವ, ಒಂದು ಕಾರನ್ನು ದಾರಿಯುದ್ದಕ್ಕೂ ಓಡಿಸುವಷ್ಟು ಜೀವ, ಆ ಕ್ಷಣದಲ್ಲಿ ಕೈ ಜಾರಿದರೆ ಇವಳ ಜೀವ. ಮನೆ ಕರೆಂಟು ಒದ್ದು ಬಿಸಾಡಿದ್ರೂ ಬಿಸಾಡಬಹುದು, ಇದು ಹಾಗಲ್ಲ, ಹಿಡ್ಕೊಂಡ್ರೆ ಬಿಡಲ್ಲ, ಬಿಡಿಸೋಕೆ ಅಂತ ಕೈ ಹಾಕಿದೋರೂ ಹೋದ್ರು, ಅದಕ್ಕೇ ಈ ಕೊಕ್ಕೆ, ಮುಟ್ಟದೆ ದೂರದಿಂದಲೇ ಎಳೆಯೋಕೆ, ತರಬೇತಿಯಲ್ಲಿ ಆ ಗಡ್ಡದ ಮೇಷ್ಟ್ರು ಹೇಳಿದ್ದು, ಕೆಲಸ ಮಾಡೋರು ಕೆಲಸ ನೋಡಿ, ಕೊಕ್ಕೆ ಹಿಡಿದೋರು ಕೆಲಸ ಮಾಡೋರನ್ನ ನೋಡಿ, ಫೋನಿಲ್ಲ, ಮಾತಿಲ್ಲ, ಆಚೆ ಈಚೆ ಕಣ್ಣು ಹಾಯಿಸೋ ಹಾಗಿಲ್ಲ, ಅವರು ಬಾಯಿಬಿಟ್ಟು ಆಯ್ತು ಅನ್ನೋವರೆಗೂ ಕೊಕ್ಕೆ ಇಳಿಸೋ ಹಾಗಿಲ್ಲ. ಕಂಪನಿಯವರು ಜೀವ ಉಳಿಸಲು ಮಾಡಿದ ನಿಯಮ, ಪಾಪ, ಅದರಿಂದ ಒಬ್ಬ ಹೆಂಗಸಿನ ನೆಮ್ಮದಿ ಹಾಳಾಗುತ್ತದೆಂದು ಅವರಿಗೇನು ಗೊತ್ತು. ಹುಟ್ಟಿದಾಗಿನಿಂದ ಅವಳನ್ನು ಯಾರಾದರೂ ಹೀಗೆ ನೋಡಿದ್ದುಂಟೇ, ಅಮ್ಮ ಹಾಸಿಗೆ ಹಿಡಿದ ಅಷ್ಟೂ ವರ್ಷ ಇವಳೇ ಅಮ್ಮನನ್ನು ನೋಡಿಕೊಂಡದ್ದು, ಅಮ್ಮ ನೋಡುತ್ತಿದ್ದದ್ದು ಬಾಗಿಲನ್ನು, ತಮ್ಮ ಬಂದನೇ ಎಂದು, ಮದುವೆಯ ವಯಸ್ಸು ಯಾವ ಬಾಗಿಲಿನಿಂದ ಆಚೆ ಹೋಯಿತೋ ಯಾರೂ ಗಮನಿಸಲಿಲ್ಲ, ಈಗ ತಮ್ಮನ ಮನೆಯಲ್ಲಿ ಊಟ, ನಿದ್ದೆ, ಯಾವುದಕ್ಕೂ ಕೊರತೆಯಿಲ್ಲ, ಸುಳ್ಳು ಹೇಳಬಾರದು, ತಮ್ಮನ ಹೆಂಡತಿ ಒಳ್ಳೆಯವಳೇ, ಅಕ್ಕಾ ಸ್ವಲ್ಪ ಸರ್ಕೊಳ್ಳಿ, ಟಿವಿ ಕಾಣ್ತಿಲ್ಲ.

ಮೊದಲನೆಯ ಬೋಲ್ಟು. ಸ್ಪ್ಯಾನರು ಟಿಕ್ ಎಂದಿತು, ಅಂದರೆ ಬಿಗಿ ಸರಿಯಾಗಿದೆ, ಅವಳು ಬೋಲ್ಟಿನ ತಲೆಯ ಮೇಲೆ ಬಣ್ಣದ ಗೆರೆ ಎಳೆದಳು, ಕಿರುಬೆರಳನ್ನು ಮಡಿಸಿಕೊಂಡಳು — ಅದನ್ನು ಹೇಳಿದ್ದು ಅವರೇ, ಕ್ಯಾಂಟೀನಿನಲ್ಲಿ, ತಮ್ಮಷ್ಟಕ್ಕೆ ತಾವೇ ಬಂದು ಎದುರಿಗೆ ಕೂತು, ಎಲ್ಲರೂ ಕಂಬ ಎಂದೇ ಕರೆಯುವ ಮನುಷ್ಯ, ಬಾಯಿಬಿಟ್ಟರೆ ಮುತ್ತು ಉದುರೀತು ಎಂಬಂತಿರುವವರು, ನಿಮ್ಮ ಎಡಗೈ ಕಿರುಬೆರಳು ಯಾವಾಗಲೂ ಆಚೆ ನಿಂತಿರುತ್ತೆ, ಒಳಗೆ ಮಡಿಸ್ಕೊಳ್ಳಿ, ತಾಗುತ್ತೆ, ಅಷ್ಟು ಹೇಳಿ ಡಬ್ಬಿ ಬಿಚ್ಚಿದರು. ಅವಳು ತನ್ನ ಕಿರುಬೆರಳನ್ನೇ ನೋಡುತ್ತಾ ಕೂತಿದ್ದಳು, ನಲವತ್ತೊಂದು ವರ್ಷ ತನ್ನ ಜೊತೆಗೇ ಇದ್ದ ಬೆರಳು, ಅದು ಆಚೆ ನಿಲ್ಲುತ್ತದೆಂದು ಹೆತ್ತವಳಿಗೂ ಗೊತ್ತಿರಲಿಲ್ಲ. ಅಡುಗೆ ನೀವೇ ಮಾಡ್ತೀರಾ, ಎಂದು ಕೇಳಿದಳು, ಏನಾದರೂ ಕೇಳಬೇಕಲ್ಲ. ಹೂಂ, ತಿನ್ನೋದೂ ನಾನೇ, ಎಂದರು. ಅದು ತಮಾಷೆ ಎಂದು ಅವಳಿಗೆ ತಿಳಿದದ್ದು ಸಂಜೆ ಬಸ್ಸಿನಲ್ಲಿ, ಒಬ್ಬಳೇ ನಕ್ಕಳು, ಮನೆಗೆ ಹೋದ ಮೇಲೂ ಪಾತ್ರೆ ತೊಳೆಯುತ್ತಾ ನಕ್ಕಳು, ಆಮೇಲೆ ಒಂದು ದಿನ ಯಾವ ಜ್ಞಾನದಲ್ಲಿದ್ದಳೋ, ಇವತ್ತು ಇವರು ರಜ ಹಾಕಿದ್ರು ಎಂದುಬಿಟ್ಟಳು, ತಮ್ಮನ ಹೆಂಡತಿ ಟಿವಿಯಿಂದ ಕಣ್ಣು ಕಿತ್ತು, ಯಾರಕ್ಕಾ ಇವರು, ಎಂದಳು, ಗಂಡನನ್ನು ಕರೆಯುವ ಮಾತು ಬಾಯಿಗೆ ಹೇಗೆ ಬಂತೋ ದೇವರಿಗೇ ಗೊತ್ತು, ನಮ್ಮ ಸೂಪರ್‌ವೈಸರು, ಎಂದು ಹೇಳಿ ಅಡುಗೆಮನೆಗೆ ಓಡಿದಳು. ಆ ರಜದ ದಿನವೇ ತಾನೇ ಬೋಲ್ಟು ಬಿದ್ದದ್ದು, ಅವರ ಬದಲಿಗೆ ನಿಂತವನು ಕೊಕ್ಕೆಯನ್ನು ಗೋಡೆಗೆ ಒರಗಿಸಿ ಕಿಟಕಿಯ ಆಚೆ ನೋಡುತ್ತಿದ್ದ, ಅವನು ನೋಡುತ್ತಿಲ್ಲವೆಂದು ಬೆನ್ನಿಗೆ ತಿಳಿದದ್ದೇ ತಡ ಬೋಲ್ಟು ಬೆರಳಿನಿಂದ ಸೆಲ್ಲುಗಳ ಸಂದಿಗೆ ಜಾರಿ ಹೋಯಿತು, ಇಡೀ ಪ್ಯಾಕ್ ಬಿಚ್ಚಿ ಹುಡುಕಬೇಕಾಯಿತು, ಮೇಲಿನವರಿಂದ ಬೈಗುಳ ಬೇರೆ. ಮರುದಿನ ಅವರು ಕೊಕ್ಕೆ ಎತ್ತಿಕೊಳ್ಳುವ ಮೊದಲು ನೆಲ ನೋಡುತ್ತಾ ಹೇಳಿದರು, ನಾನು ರಜ ಹಾಕಬಾರದಿತ್ತು. ಅಷ್ಟೇ. ಆ ವಾರವೇ ಅವಳು ತಲೆಗೆ ಹೊಸ ಕ್ಲಿಪ್ಪು ಕೊಂಡಳು, ಲೋಹದ್ದು ಒಳಗೆ ಬಿಡುವುದಿಲ್ಲವೆಂದು ಪ್ಲಾಸ್ಟಿಕ್ಕಿನದು, ಕ್ಯಾಪಿನ ಒಳಗೆ ಅದನ್ನ ಯಾರು ನೋಡ್ತಾರಕ್ಕಾ, ಎಂದು ತಮ್ಮನ ಹೆಂಡತಿ ನಕ್ಕಳು, ನಗಲಿ, ನಿಜವೇ, ಯಾರೂ ನೋಡುವುದಿಲ್ಲ.

ಎರಡನೆಯ ಬೋಲ್ಟು, ಟಿಕ್, ಗೆರೆ. ಪಟ್ಟಿ ಕೂಡಿತು. ಮೀಟರಿನಲ್ಲಿ ಅಂಕಿ ನೆಗೆದು ನಿಂತಿತು, ಪ್ಯಾಕ್ ಈಗ ಬದುಕಿದೆ, ಸದ್ದಿಲ್ಲ, ವಾಸನೆಯಿಲ್ಲ, ಮೊದಲು ಹೇಗಿತ್ತೋ ಹಾಗೇ ಇದೆ, ಒಳಗೆ ಮಾತ್ರ ಎಲ್ಲ ಬೇರೆ, ಅವಳಿಗೆ ಗೊತ್ತು ಅದು ಹೇಗಿರುತ್ತದೆಂದು. ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದ ಮಾತು ನಾಲಿಗೆಯ ಮೇಲೆ ಕೂತಿದೆ, ನಾಳೆಯಿಂದ ನಾವು ಎಲ್ಲಿ ಸಿಗೋದು, ಇಷ್ಟೇ ಇಷ್ಟು ಮಾತು, ಪಕ್ಕದಲ್ಲಿ ಕೂತ ಅಜ್ಜಿ ಏನಮ್ಮಾ ನನಗಾ ಎಂದು ಕೇಳಿದ್ದರು, ಇಲ್ಲ ಅಜ್ಜಿ ಎಂದು ಕಿಟಕಿಯ ಕಡೆ ತಿರುಗಿದ್ದಳು, ಅಜ್ಜಿಗೆ ಕೇಳಿಸಿದ ಮಾತು ಕೇಳಬೇಕಾದವರಿಗೆ ಇನ್ನೂ ಕೇಳಿಸಿಲ್ಲ, ಬೆಳಗ್ಗೆ ಬಂದು ಶೂ ಕಟ್ಟುವಾಗ ಹೇಳೋಣ ಎಂದುಕೊಂಡಳು, ಜನ ಇದ್ದರು, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಂದುಕೊಂಡಳು, ಅಲ್ಲಿ ಎಲ್ಲರೂ ಅವರ ಬೆನ್ನು ತಟ್ಟುತ್ತಿದ್ದರು, ಗೋದಾಮಿಗೆ ಹೋದ ಮೇಲೆ ಕಂಬಕ್ಕೆ ಕೂತ್ಕೊಳ್ಳೋಕೆ ಕುರ್ಚಿ ಕೊಡ್ತಾರಂತೆ, ನಗು, ಅವರೂ ನಕ್ಕರು, ನಗುತ್ತಾ ಒಂದು ಸಲ ಇವಳ ಕಡೆ ನೋಡಿ ತಕ್ಷಣ ಡಬ್ಬಿಯ ಕಡೆ ನೋಡಿದರು, ಅಂದರೆ ಕೊಕ್ಕೆ ಇಲ್ಲದಿದ್ದರೆ ಅವರಿಗೂ ಇವಳನ್ನು ನೋಡುವುದು ಗೊತ್ತಿಲ್ಲ, ಅಥವಾ ಬರೀ ನಿಯಮ, ಬರೀ ಡ್ಯೂಟಿ, ಇವಳ ಜಾಗದಲ್ಲಿ ಒಂದು ಮೂಟೆ ಇಟ್ಟಿದ್ದರೂ ಅವರು ಹೀಗೇ ಎವೆಯಿಕ್ಕದೆ ನೋಡುತ್ತಿದ್ದರೋ ಏನೋ. ಕಿತ್ತಳೆ ಬಣ್ಣದ ಮುಚ್ಚಳ ಇಟ್ಟಳು. ಒತ್ತಿದಳು. ಕಟಕ್ ಎಂದು ಕೂತಿತು. ಮುಗಿಯಿತು, ಇನ್ನು ಆ ಒಂದು ಮಾತು ಹೇಳಿದರೆ ಸಾಕು, ಕೊಕ್ಕೆ ಗೋಡೆಯ ಮೊಳೆಗೆ ಹೋಗುತ್ತದೆ, ಯಾರೂ ಹತ್ತಿರ ಬರದಂತೆ ಕಟ್ಟಿದ ಹಳದಿ ಹಗ್ಗದ ಆಚೆ ಕಾಯುತ್ತಿರುವವರೆಲ್ಲ ಚಪ್ಪಾಳೆ ತಟ್ಟುತ್ತಾರೆ, ವ್ಯಾನು ಹೊರಡುತ್ತದೆ, ದಿನವೂ ಲೆಕ್ಕವಿಲ್ಲದಷ್ಟು ಸಲ ಹೇಳಿದ ಮಾತು, ಹೇಳಿದಾಗಲೆಲ್ಲ ಬೆನ್ನಿನ ಮೇಲಿನ ಬಿಸಿಲು ಸರಿದ ಹಾಗೆ ಆಗುತ್ತಿತ್ತು, ಆದರೂ ಮುಂದಿನ ಪ್ಯಾಕ್ ಬರುತ್ತಿತ್ತು, ಮತ್ತೆ ಶುರು ಎನ್ನಬಹುದಿತ್ತು, ಇದರ ಹಿಂದೆ ಮುಂದಿನದಿಲ್ಲ. ಅವಳು ಬಾಯಿ ತೆರೆದಳು, ಮುಚ್ಚಿದಳು. ಕೈ ಮುಚ್ಚಳದ ಮೇಲೇ ಇದೆ. ಹಳದಿ ಹಗ್ಗದ ಆಚೆಯಿಂದ ಬೇಗ ಸಾರ್ — ಉಸಿರಾಡುವುದಕ್ಕೂ ಬೇಗ ಬೇಗ ಎಂದು ಹೇಳುವ ಸೂಪರ್‌ವೈಸರು, ಎಲ್ಲರೂ ಇಟ್ಟ ಹೆಸರು ಅದು — ಏನಮ್ಮಾ, ಆಯ್ತಾ, ಎಂದರು. ಇನ್ನೊಂದು ಉಸಿರು, ಇನ್ನೊಂದೇ ಒಂದು, ಮುಖದ ಪರದೆ ಉಸಿರಿಗೆ ಮಸುಕಾಗುತ್ತಿದೆ, ನಾಳೆ ಮೇಲಿನ ಕೋಣೆಯಲ್ಲಿ ಯಾರೂ ಹಿಂದೆ ನಿಲ್ಲುವುದಿಲ್ಲ, ನಾಡಿದ್ದೂ ಇಲ್ಲ, ಬೇಗ ಸಾರ್ ಮತ್ತೆ ಕೂಗಿದರು, ಆಯ್ತಾ ಅಂದ್ರೆ, ಮುಚ್ಚಳ ಹಾಕಿದ ಹಾಗಿದೆಯಲ್ಲಮ್ಮಾ, ವ್ಯಾನ್‌ನವನು ಹಾರ್ನ್ ಹೊಡೀತಿದಾನೆ, ಬೇಗ ಬೇಗ, ಏನ್ರೀ ಕಂಬ, ನೀವಾದ್ರೂ ಹೇಳ್ರೀ, ಮುಗೀತೋ ಇಲ್ವೋ. ಅವಳ ಎದೆ ಬಡಿತ ಗ್ಲೌಸಿನ ಬೆರಳ ತುದಿಯವರೆಗೂ ಬಂತು, ಅವರಿಗೆ ಗೊತ್ತು, ಲೋಕದಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತು, ಎರಡೂ ಟಿಕ್ ಕೇಳಿದ್ದಾರೆ, ಗೆರೆ ಎಳೆದದ್ದು ನೋಡಿದ್ದಾರೆ, ಮುಚ್ಚಳ ಕೂತದ್ದು ನೋಡಿದ್ದಾರೆ, ಇಷ್ಟು ವರ್ಷದಲ್ಲಿ ಕೊಕ್ಕೆ ಕೈಯಲ್ಲಿದ್ದಾಗ ಒಂದು ಅಕ್ಷರ ಮಾತಾಡದವರು, ಸುಳ್ಳು ಹೇಳಲು ಬಾರದವರು, ಹಿಂದಿನಿಂದ, ಹತ್ತಿರದಿಂದ, ಮೆಲ್ಲಗೆ ಹೇಳಿದರು, ಇನ್ನೂ ಇಲ್ಲ ಸಾರ್. ಹಳದಿ ಕೊಕ್ಕೆ ಅವಳ ಸೊಂಟದ ಹಿಂದೆ, ಒಂದು ಗೇಣಿನ ದೂರದಲ್ಲಿ, ಹಾಗೆಯೇ ನಿಂತಿದೆ, ಇಳಿದಿಲ್ಲ, ಇಳಿಯುತ್ತಿಲ್ಲ