ಜಾಕ್ ಮೇಲೆ ನಿಂತ ಗಾಡಿ

ನಮ್ಮ ಮನೆ ನಡೆಯುವುದು ಇವರ ಕೈ ಮೇಲೆ. ಬಾಯಿಮಾತಿಗೆ ಹೇಳುತ್ತಿಲ್ಲ. ಇವರು ಟೈಲರ್. ಬಟ್ಟೆ ಕತ್ತರಿಸುವ ಆ ಬಲಗೈಗೆ ಏನಾದರೂ ಆದರೆ ಮರುದಿನ ಒಲೆ ಹಚ್ಚುವುದು ಹೇಗೆಂದು ಯೋಚಿಸಬೇಕು. ಅದಕ್ಕೆ ಸೂಜಿ ಚುಚ್ಚಿದರೂ ನನ್ನ ಕರುಳು ಚುರ್ರೆನ್ನುತ್ತದೆ. ಕೈಯ ಯಜಮಾನರಿಗೆ ಮಾತ್ರ ಅದರ ಪರಿವೆಯೇ ಇಲ್ಲ.

ಬ್ರೇಕ್ ಒತ್ತಿದಾಗಲೆಲ್ಲ ಗಾಡಿಯ ಮುಂದಿನ ಎಡಚಕ್ರ ಕಿರ್ರೆನ್ನುತ್ತಿತ್ತು. ಪ್ಯಾಡ್ ಸವೆದಿದೆ, ನಾನೇ ಹಾಕುತ್ತೇನೆ ಎಂದು ಭಾನುವಾರ ಎಲ್ಲರಿಗಿಂತ ಮೊದಲೇ ಊಟ ಮುಗಿಸಿ ಅಂಗಳಕ್ಕಿಳಿದರು. ಹಾಕಲಿ, ಬೇಡ ಅಂದವರು ಯಾರು? ಕೆಲಸವೇನೋ ಬರುತ್ತದೆ. ನೆಲ ಮಟ್ಟಸವಾಗಿರುವ ಕಡೆ ಗಾಡಿ ನಿಲ್ಲಿಸಿದರು, ಹ್ಯಾಂಡ್‌ಬ್ರೇಕ್ ಎಳೆದರು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿದರು. ಜಾಕ್ ಕೂಡ ಕೂರಬೇಕಾದ ಜಾಗದಲ್ಲೇ ಕೂತಿತು. ಇಷ್ಟೆಲ್ಲ ಸರಿಯಾಗಿ ಮಾಡಿದ ಮನುಷ್ಯ ಕೊನೆಗೆ, ಎತ್ತಿದ ಗಾಡಿಯ ಕೆಳಗೆ ಆಧಾರಕ್ಕೆ ಇಡುವ ಕಬ್ಬಿಣದ ಸ್ಟ್ಯಾಂಡನ್ನೇ ಇಡದೆ, ಚಕ್ರ ಕಳಚಿ ಕೂತುಬಿಟ್ಟರು.

"ಸ್ಟ್ಯಾಂಡ್ ಎಲ್ರೀ?" ಎಂದೆ.

"ಅದ್ರ ಮೇಲೆ ಅಮ್ಮನ ಹೂಕುಂಡ ಇದೆ."

"ಇಳಿಸೋದು."

"ಎರಡು ನಿಮಿಷದ ಕೆಲಸ. ಜಾಕ್ ಇದೆಯಲ್ಲ."

"ಜಾಕ್ ಇರೋದು ಎತ್ತೋದಕ್ಕೆ, ಹೊತ್ಕೊಂಡು ನಿಲ್ಲೋದಕ್ಕಲ್ಲ ಅಂತ ಪಕ್ಕದ್ಮನೆಯವರಿಗೆ ಪಾಠ ಹೇಳಿದ್ದು ನೀವೇ."

"ಅವ್ರ ಗಾಡಿ ಹಳೇದು."

"ನಮ್ಮದೇನು ನಿನ್ನೆ ಹುಟ್ಟಿದ್ದಾ?"

"ಸುಮ್ನೆ ತಲೆ ತಿನ್ಬೇಡ. ಆ ಸ್ಪ್ಯಾನರ್ ಕೊಡು."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನನಗೆ ಪಿತ್ತ ನೆತ್ತಿಗೇರಿತು. ಕಳಚಿಟ್ಟ ಚಕ್ರವನ್ನು ಸಿಟ್ಟಿನಲ್ಲೇ ಉರುಳಿಸಿಕೊಂಡು ಬಂದು, ಗಾಡಿಯ ಅಂಚಿನಡಿ ಮಲಗಿಸಿ ಒಳಕ್ಕೆ ತಳ್ಳಿದೆ. ಬಿದ್ದರೆ ಇದರ ಮೇಲಾದರೂ ಬೀಳಲಿ ಎಂದೆ. "ಕೈಯೆಲ್ಲ ಮಸಿ ಮಾಡ್ಕೊಂಡ್ಯಲ್ಲ" ಎಂದು ಇವರು ನಕ್ಕರು. ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ.

ಹಿತ್ತಿಲಿಗೆ ಹೋದರೆ ಅಲ್ಲಿ ಅತ್ತೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಎರಡು ಸ್ಟ್ಯಾಂಡಿನ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಕುಂಡಗಳ ಸಾಲು.

"ಅತ್ತೆ, ಸ್ಟ್ಯಾಂಡ್ ಬೇಕಿತ್ತು."

"ಈಗಷ್ಟೇ ಮೊಗ್ಗು ಬಿಟ್ಟಿದೆಯಮ್ಮ. ಅಲ್ಲಾಡಿಸಿದ್ರೆ ಉದುರುತ್ತೆ. ನಾಳೆ ತಗೊಳ್ಳೋಣ."

"ನಿಮ್ಮ ಮಗ ಗಾಡಿ ಕೆಳಗೆ ಕೈ ಇಟ್ಕೊಂಡು ಕೂತಿರೋದು ಈಗ. ನಾಳೆಯಲ್ಲ."

"ಹಾಗಾದ್ರೆ ಒಂದೊಂದೇ ಇಳಿಸು. ನಿಧಾನ."

ನಿಧಾನವಂತೆ. ಮನಸ್ಸಿನಲ್ಲೇ ಇಡೀ ವಂಶಕ್ಕೆ ಮಂಗಳಾರತಿ ಎತ್ತುತ್ತಾ ಒಂದೊಂದೇ ಇಳಿಸಿದೆ. ಈ ಮನೆಯಲ್ಲಿ ಯಾವ ವಸ್ತುವೂ ತನ್ನ ಕೆಲಸ ಮಾಡುವುದಿಲ್ಲ. ಸೋಫಾ ಇರುವುದು ಹೊಲಿಯುವ ಬಟ್ಟೆ ರಾಶಿ ಹಾಕಲು, ಸ್ಟ್ಯಾಂಡ್ ಇರುವುದು ಕುಂಡಕ್ಕೆ, ಇನ್ನು ಗಾಡಿಯಂತೂ ಮಾವನ ಕೋಣೆ. ಸೋಫಾ ಕೈತಪ್ಪಿದ ಮೇಲೆ ಅವರ ಬೆನ್ನಿಗೆ ಒಗ್ಗಿದ್ದು ಗಾಡಿಯ ಹಿಂದಿನ ಸೀಟೊಂದೇ. ದಿನಾ ಊಟವಾದ ಮೇಲೆ ಪೇಪರ್ ಹಿಡಿದು ಮನೆಯ ಪಕ್ಕದ ಬಾಗಿಲಿನಿಂದ ನೇರ ಅಲ್ಲಿಗೇ ಹೋಗುತ್ತಾರೆ.

ಅವತ್ತೂ ಮಾವನ ಊಟ ಆಗಲೇ ಮುಗಿದಿತ್ತು.

ಕೈಯಲ್ಲಿದ್ದ ಕುಂಡವನ್ನು ಅಲ್ಲೇ ಬಿಟ್ಟು ಓಡಿದೆ. "ಅಯ್ಯೋ, ನನ್ನ ಗಿಡ" ಎಂದು ಅತ್ತೆ ಹಿಂದಿನಿಂದ ಕೂಗುತ್ತಿದ್ದರು. ಅಷ್ಟರಲ್ಲಿ ಗಾಡಿಯ ಆಚೆ ಬದಿಯ ಬಾಗಿಲು ಧಡಾರೆಂದಿತು. ಮಾವನಿಗೆ ಕಿವಿ ಮಂದ, ಹಾಕಿದ್ದು ತಮಗೇ ಕೇಳಿಸುವಷ್ಟು ಜೋರಾಗಿ ಬಾಗಿಲು ಹಾಕುತ್ತಾರೆ. ಅದರ ಹಿಂದೆಯೇ ಕಬ್ಬಿಣ ಜಾರಿದ ಸದ್ದು ಬಂತು.

ಜಾಕ್ ಮಗುಚಿ ಬಿದ್ದಿತ್ತು. ಗಾಡಿ ನಾನು ತಳ್ಳಿದ್ದ ಚಕ್ರದ ಮೇಲೆ ಕೂತಿತ್ತು. ಬಿದ್ದ ಬೋಲ್ಟೊಂದನ್ನು ಹೆಕ್ಕಲು ಹೋದ ಇವರ ಬಲಗೈ ಬ್ರೇಕಿನ ತಟ್ಟೆಯ ಕೆಳಗೇ ಇತ್ತು. ತಟ್ಟೆಗೂ ಸಿಮೆಂಟು ನೆಲಕ್ಕೂ ನಡುವೆ ಉಳಿದದ್ದು ಆ ಕೈ ಹಿಡಿಸುವಷ್ಟೇ ಸಂದು. ಎಳೆದುಕೊಳ್ಳುವುದನ್ನೂ ಮರೆತು ಇವರು ಅದನ್ನೇ ನೋಡುತ್ತಿದ್ದರು. ನಾನೇ ಮೊಣಕೈ ಹಿಡಿದು ಎಳೆದೆ. ಬೆರಳುಗಳನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿದೆ. ತರಚಿದ ಗಾಯ ಕೂಡ ಇರಲಿಲ್ಲ.

ಆಗ ಬಂತು ನೋಡಿ ಸಿಟ್ಟು. ಮಗ, ತಾಯಿ, ತಂದೆ ಮೂವರನ್ನೂ ಸಾಲಾಗಿ ನಿಲ್ಲಿಸಿ ನೀರಿಳಿಸಬೇಕು ಅನಿಸಿತು. ಬಾಯಿ ತೆರೆದೆ. ಇವರು ನನ್ನ ಕೈ ಬಿಗಿಯಾಗಿ ಹಿಡಿದು, ಗಾಡಿಯ ಕಡೆ ಕಣ್ಣಲ್ಲೇ ತೋರಿಸಿ ಬೇಡವೆಂದು ತಲೆಯಾಡಿಸಿದರು.

"ಅಪ್ಪಂಗೆ ಹೇಳ್ಬೇಡ. ತನ್ನಿಂದ ಆಯ್ತು ಅಂತ ಗೊತ್ತಾದ್ರೆ ಮನಸ್ಸಿಗೆ ಹಚ್ಕೊಂಡು ಕೂರ್ತಾರೆ. ಇನ್ಮೇಲೆ ಗಾಡಿ ಹತ್ರಾನೂ ಬರಲ್ಲ."

ಮಾವ ಈಚೆ ಬದಿಗೆ ಸರಿದು ಕಿಟಕಿಯ ಗಾಜು ಇಳಿಸಿದರು. "ಏನೋ ಅದು, ಗಾಡಿ ಕುಲುಕ್ತು?"

"ಏನಿಲ್ಲಪ್ಪ. ಜಾಕ್ ಇಳಿಸಿದೆ," ಎಂದು ಇವರು ಗಟ್ಟಿಯಾಗಿ ಹೇಳಿದರು.

ಮಾವ ತಲೆ ಹೊರಹಾಕಿ ಮಗುಚಿದ ಜಾಕನ್ನು ನೋಡಿದರು, ಮಗನ ಬಿಳಿಚಿದ ಮುಖವನ್ನು ನೋಡಿದರು. ಪೇಪರನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಸ್ಟ್ಯಾಂಡ್ ಇಡದೆ ಕೂತಿದ್ದೀಯಲ್ಲ, ಬುದ್ಧಿ ಬೇಡ್ವಾ ನಿಂಗೆ? ಹೊಲಿಯೋ ಕೈ ಅದು," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಅವನಿಗಂತೂ ಗೊತ್ತಾಗಲ್ಲ. ನೀನಾದ್ರೂ ಒಂದು ಮಾತು ಹೇಳ್ಬಾರದೇನಮ್ಮ?"

ಇವರು ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.

"ಹೇಳ್ಬೇಕಿತ್ತು ಮಾವ," ಎಂದೆ.