ಕುಂಟುವ ಚೆಂಡು

ಮತ್ತೆ ಬಂತು ಹಳದಿ ಚೆಂಡು, ಎಡದಿಂದ ಬಲಕ್ಕೆ, ಅಂಗಡಿಯಲ್ಲಿ ಒಂದರ ಮೇಲೊಂದು ಇಟ್ಟ ಎರಡು ಪರದೆಗಳಲ್ಲಿ ಒಂದೇ ಚೆಂಡು, ಮೇಲಿನದರಲ್ಲಿ ನುಣ್ಣಗೆ ಜಾರುತ್ತದೆ, ಕೆಳಗಿನದರಲ್ಲಿ ಹಿಂದೊಂದು ಮಸುಕು ನೆರಳು ಎಳೆದುಕೊಂಡು ಕುಂಟುತ್ತದೆ — ಎಲ್ಲ ಕಣ್ಕಟ್ಟು, ಮಾರಬೇಕಾದದ್ದಕ್ಕೆ ಸಿಂಗಾರ, ಬೇಡದ್ದರ ಮುಖಕ್ಕೆ ಮಸಿ, ಕೆಳಗಿನದನ್ನು ಬೇಕೆಂದೇ ಕೆಡಿಸಿಟ್ಟಿರುತ್ತಾರೆ, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತಿಳಿಯದ ವಯಸ್ಸೇ ಅವಳದು? ಇದು ಇನ್ನೂರ ನಲವತ್ತು ಹರ್ಟ್ಸ್ ಮೇಡಂ, ಅಂದ್ರೆ ಸೆಕೆಂಡಿಗೆ ಅಷ್ಟು ಸಲ ಚಿತ್ರ ಹೊಸದಾಗಿ ಬರುತ್ತೆ, ಕೆಳಗಿಂದು ಬರೀ ಅರವತ್ತು, ಮಗನಿಗಾ? ನನಗೇ, ಎಂದಳು, ಅಂಗಡಿಯವನ ಹುಬ್ಬು ಏರಿ ಇಳಿಯಿತು, ಅಂಥ ಹುಬ್ಬುಗಳಿಗೆ ಅವಳು ಕಂಪ್ಯೂಟರಿನಲ್ಲಿ ಗುಂಡಿನಾಟ ಆಡಿಯೇ ಉತ್ತರ ಕೊಡುತ್ತಿದ್ದ ಕಾಲವೊಂದಿತ್ತು, ಗೋಡೆಯ ಮರೆಯಲ್ಲಿ ಎದುರಾಳಿಯ ಹೆಲ್ಮೆಟ್ಟಿನ ಅಂಚು ಕಂಡರೆ ಸಾಕು, ಅವಳ ಗುಂಡು ಹಾರಿರುತ್ತಿತ್ತು, ತಂಡದವರು ಹದ್ದು ಎಂದು ಕರೆಯುತ್ತಿದ್ದದ್ದು ಸುಮ್ಮನಲ್ಲ, ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಹಗಲೆಲ್ಲ ಮೇಣದಲ್ಲಿ ಹಲ್ಲು ಕೆತ್ತುವ ಕಣ್ಣು ಅದು, ಕೂದಲೆಳೆಯಷ್ಟು ತಪ್ಪಿದರೂ ಎಲ್ಲೋ ಯಾರದೋ ವಸಡು ನೋಯುತ್ತದೆ — ಈಗ ಅದೇ ಕಣ್ಣು ಒಂದೊಂದು ಹಲ್ಲನ್ನೂ ತಿರುಗಿಸಿ ತಿರುಗಿಸಿ ನೋಡುತ್ತದೆ, ನೋಡಿಯೂ ನಂಬುವುದಿಲ್ಲ. ಯಾಕಮ್ಮ, ಕೈ ನಡುಗುತ್ತಾ, ಎಂದು ಲ್ಯಾಬಿನ ಒಡತಿ ಮೊನ್ನೆ ಕೇಳಿಯೇಬಿಟ್ಟಳು. ಕೈ ನಡುಗುವುದಿಲ್ಲ, ಆದರೆ ಹಾಗೆಂದು ಹೇಳುವಾಗ ದನಿ ನಡುಗಿತ್ತು.

ಎಲ್ಲ ಶುರುವಾದದ್ದು ಕಳೆದ ವರ್ಷ ಹೊಸ ಮಾನಿಟರುಗಳು ಮನೆಗೆ ಬಂದ ಮೇಲೆ, ಗಂಡನಿಗೊಂದು, ಅವಳಿಗೊಂದು, ಒಂದೇ ಅಚ್ಚಿನವು, ಎರಡೂ ನೂರ ನಲವತ್ತನಾಲ್ಕು ಹರ್ಟ್ಸಿನವು, ನೀನು ಸ್ನಾನ ಮಾಡ್ಕೊಂಡು ಬಾ, ಅಷ್ಟರಲ್ಲಿ ಎರಡನ್ನೂ ರೆಡಿ ಮಾಡಿಬಿಡ್ತೀನಿ ಎಂದು ಅವನೇ ಜೋಡಿಸಿದ, ಮಾನಿಟರ್ ಬಂದ ಡಬ್ಬದ ರಟ್ಟು ಕತ್ತರಿಸಿ ಎರಡರ ನಡುವೆ ಅಡ್ಡ ನಿಲ್ಲಿಸಿದ್ದು ಮಾತ್ರ ಅವಳು, ಎದುರುಬದುರಾಗಿ ಆಡುವಾಗ ಒಬ್ಬರ ಪರದೆಗೆ ಒಬ್ಬರು ಇಣುಕಬಾರದು, ಆಟವೆಂದರೆ ಆಟ, ಗಂಡನಾದರೇನು. ಅಂದಿನಿಂದ ಅವಳು ಕಣ್ಣು ಬಿಡುವ ಮೊದಲೇ ಸಾಯುತ್ತಾಳೆ, ಅವಳ ಹತ್ತಿರ ಸುಳಿಯಲಾರದಿದ್ದ ಗಂಡ ಈಗ ಅವಳು ಮೂಲೆ ತಿರುಗುವಷ್ಟರಲ್ಲಿ ಗುಂಡು ಹಾರಿಸಿರುತ್ತಾನೆ, ಗೋಡೆಯಾಚೆಗೂ ಕಾಣಿಸುವ ಯಾವುದೋ ಕಳ್ಳ ಸಾಫ್ಟ್‌ವೇರ್ ಇಟ್ಟುಕೊಂಡಿದ್ದಾನೆ, ಇಲ್ಲದಿದ್ದರೆ ಹೇಗೆ, ಅವನು ಕೆಲಸಕ್ಕೆ ಹೋದಾಗ ಮೈದುನನನ್ನು ಕರೆಸಿ ಕಂಪ್ಯೂಟರ್ ಜಾಲಾಡಿಸಿದಳು, ಏನೂ ಇಲ್ಲ ಅತ್ತಿಗೆ, ನಮ್ಮಣ್ಣ ಅಪ್ಪಟ ಚಿನ್ನ. ಮೈದುನನ ಬಾಯಲ್ಲಿ ಗುಟ್ಟು ನಿಲ್ಲುವುದುಂಟೇ, ಸಂಜೆಗೇ ಗಂಡನ ಕಿವಿಗೆ ಬಿತ್ತು, ಅವನು ಜಗಳವಾಡಲಿಲ್ಲ, ನಕ್ಕ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಮೇಲೆ, ಬಾ, ನಿನ್ನ ನೆಲಾನೂ ನೋಡಿಬಿಡೋಣ ಎಂದು ಮೊದಲ ಸಲ ಅವಳ ಕುರ್ಚಿಯಲ್ಲಿ ಕೂತ, ಮೌಸ್ ಹಿಡಿದ, ಪರದೆಯ ಮೇಲೆ ಪುಟ್ಟ ಬಾಣ ಒಂದು ಸುತ್ತು ಹೊಡೆಯಿತು, ಕೈ ನಿಂತಿತು. ಏನಾಯ್ತು? ಏನಿಲ್ಲ, ಸರಿಯಾಗೇ ಇದೆ, ನೀನೊಂದ್ಸಲ ಕಣ್ಣು ತೋರಿಸ್ಕೋ. ತೋರಿಸಿಕೊಂಡಳು, ಕಣ್ಣಿಗೇನೂ ಆಗಿಲ್ಲ ಎಂದರು ಡಾಕ್ಟರು, ಅವರನ್ನೂ ನಂಬಲಿಲ್ಲ, ತನ್ನ ಮೇಲೆ ತನಗೇ ಅನುಮಾನ ಹುಟ್ಟಿದವಳಿಗೆ ಡಾಕ್ಟರು ಯಾವ ಲೆಕ್ಕ, ದೊಡ್ಡ ಪಂದ್ಯ ಹತ್ತಿರ ಬಂದಾಗ ತಂಡದ ನಾಯಕಿಯ ಜಾಗ ತಾನಾಗಿ ಬಿಟ್ಟಳು, ಗಂಡ ಬೇಡ ಬೇಡ ಎನ್ನುತ್ತಲೇ ಅದನ್ನು ಹೊತ್ತುಕೊಂಡ, ಬೇಜಾರು ಮಾಡ್ಕೋಬೇಡ ಹದ್ದು, ವಯಸ್ಸು ಎಲ್ಲರಿಗೂ ಆಗುತ್ತೆ, ಎಂದು ತಲೆ ಸವರಿದ. ಆ ಸವರಿಕೆಗೆ ಅವಳು ಅತ್ತೂ ಬಿಟ್ಟಿದ್ದಳು.

ಅದಕ್ಕೇ ಇವತ್ತು ಅವನಿಗೆ ಹೇಳದೆ ಬಂದದ್ದು, ಇದಕ್ಕಿಂತ ಚುರುಕಾದದ್ದು ಕೊಂಡು ಒಂದು ಸಲ, ಒಂದೇ ಒಂದು ಸಲ, ತಾನು ಮುದಿಯಾಗಿಲ್ಲವೆಂದು ತಿಳಿಯಬೇಕು. ಮನೇಲಿ ಈಗ ಯಾವುದಿದೆ ಮೇಡಂ? ನೂರ ನಲವತ್ತನಾಲ್ಕು, ಅದೂ ಈ ಕೆಳಗಿನದರ ಹಾಗೇ ಕುಂಟುತ್ತೆ. ಹಾಗಿರೋಕಾಗಲ್ಲವಲ್ಲ, ತಂದ ಮೇಲೆ ಸೆಟ್ಟಿಂಗ್ಸಲ್ಲಿ ನೂರ ನಲವತ್ತನಾಲ್ಕಕ್ಕೆ ಬದಲಾಯಿಸಿದ್ರಾ, ಇಲ್ಲಾಂದ್ರೆ ಮಾನಿಟರ್ ಎಷ್ಟೇ ಒಳ್ಳೇದಿದ್ರೂ ಅರವತ್ತರಲ್ಲೇ ಓಡ್ತಿರಬಹುದು, ಸುಮಾರು ಜನ ಮರೀತಾರೆ, ಹಾಗಾಗಿದ್ರೆ ನಿಮಗೆ ಹೊಸದೇ ಬೇಕಿಲ್ಲ — ಬಂದ ಗಿರಾಕಿಯನ್ನು ಬರಿಗೈಲಿ ಕಳಿಸುವ ಅಂಗಡಿಯವನನ್ನು ಅವಳು ಕಂಡಿಲ್ಲ, ಇದರಲ್ಲೂ ಏನೋ ಇದೆ, ಇದ್ದೇ ಇರುತ್ತದೆ, ಆದರೆ ಇವನಿಗೇನು ಲಾಭ. ನೀವೇ ನೋಡಿ ಮೇಡಂ, ಮೊದಲು ಮೇಲಿನದರಲ್ಲಿ ಸ್ವಲ್ಪ ಹೊತ್ತು ಆಡಿ, ಆಮೇಲೆ ಕೆಳಗಿನದು. ಆಡಿದಳು, ಹೆಲ್ಮೆಟ್ಟಿನ ಅಂಚು ಕಂಡಿತು, ಗುಂಡು ಹಾರಿತು, ಇನ್ನೊಂದು ಅಂಚು, ಇನ್ನೊಂದು ಗುಂಡು, ಅಯ್ಯೋ, ಕಣ್ಣು ಇಲ್ಲೇ ಇದೆ, ಎಲ್ಲೂ ಹೋಗಿರಲಿಲ್ಲ, ನೆಲವೇ ಡೊಂಕಾಗಿತ್ತು. ನಗುತ್ತಲೇ ಕೆಳಗಿನದರ ಮೌಸ್ ಹಿಡಿದಳು, ಬಾಣ ಒಂದು ಸುತ್ತು ಹೊಡೆಯಿತು, ಚೂರು ಚೂರಾಗಿ, ಕುಪ್ಪಳಿಸುತ್ತ, ಕೈ ನಿಂತಿತು. ಅವಳು ನಿಲ್ಲಿಸಲಿಲ್ಲ, ತಾನಾಗಿ ನಿಂತಿತು. ನುಣ್ಣಗಿನದನ್ನು ಹಿಡಿದು ಬಂದ ಕೈ ಇದರ ಮೇಲೆ ಹಾಗೇ ನಿಲ್ಲುತ್ತದೆ, ನಿಲ್ಲದೆ ಇರುವುದಿಲ್ಲ. ಗಂಡ ಮರೆತ ಎನ್ನೋಣ, ಅವಸರದಲ್ಲಿ ತನ್ನದನ್ನು ಬದಲಾಯಿಸಿ ಅವಳದನ್ನು ಮರೆತ, ಮರೆವು ಯಾರಿಗಿಲ್ಲ, ಅದನ್ನು ಕ್ಷಮಿಸಿದಳು, ಈಗಲೇ ಕ್ಷಮಿಸಿದಳು, ಮನೆಗೆ ಹೋಗಿ ನಕ್ಕು ಹೇಳಿದರಾಯಿತು, ಆದರೆ ತಿಂಗಳುಗಟ್ಟಲೆ ನುಣ್ಣಗಿನದರ ಮುಂದೆ ಕೂತವನು ಆ ಸಂಜೆ ಎದ್ದು ಬಂದು ಅವಳ ಕುರ್ಚಿಯಲ್ಲಿ — ಮೇಡಂ, ಏನಾಯ್ತು? ಏನಿಲ್ಲ, ಎಂದಳು, ಅವನೂ ಹಾಗೇ ಎಂದಿದ್ದ, ಏನಿಲ್ಲ, ಸರಿಯಾಗೇ ಇದೆ, ಅವಳ ಕುರ್ಚಿ, ಅವನ ಬೆನ್ನು, ಬಾಣ ಒಂದು ಸುತ್ತು ಹೊಡೆಯುತ್ತದೆ, ಕೈ ನಿಲ್ಲುತ್ತದೆ — ಒಂದು ಸುತ್ತು ಹೊಡೆಯುತ್ತದೆ, ಕೈ ನಿಲ್ಲುತ್ತದೆ —