ಗೃಹಪ್ರವೇಶಕ್ಕೆ ಬಂದ ಕೆಂಚ

ಸಕ್ಕರೆ ನೀರು ಗಂಟಲಿನಲ್ಲಿ ಇಳಿಯುತ್ತಿದೆ, ಲೋಟದ ತಳದಲ್ಲಿ ಕರಗದೆ ಉಳಿದ ಸಕ್ಕರೆ, ಇನ್ನೊಂದ್ ಗುಟುಕು ಕುಡೀರಿ ಅಯ್ನೋರೆ ಅನ್ನುತ್ತಿದ್ದಾಳೆ ಮನೆಯೊಡತಿ ಲೋಹಿತಾ, ಕುಡಿಯುತ್ತಾನೆ ರುದ್ರಮುನಿ, ಹೊಸ ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಪೂಜೆ ಮಾಡಿಸಬೇಕಾದವನೇ ಕಳಸದ ಮುಂದೆ ಬಿದ್ದು ಎದ್ದಿದ್ದಾನೆ, ಪಂಚೆಯೆಲ್ಲ ಅರಿಶಿನ, ಗೌಡಗೆರೆಯ ಅರ್ಧ ಊರು ಸುತ್ತ ನಿಂತು ನೋಡುತ್ತಿದೆ, ನೋಡಲಿ, ಬಿದ್ದದ್ದಕ್ಕೆ ಅಷ್ಟು ನಾಚಿಕೆಯಿಲ್ಲ, ನಾಚಿಕೆ ಬೇರೆ ಇದೆ, ಗೇಟಿನಾಚೆ ಜಲ್ಲಿ ರಾಶಿಯ ಪಕ್ಕ ಕೂತಿದೆ, ಹುಬ್ಬಿನ ಮೇಲೆ ರಕ್ತ, ಅತ್ತ ನೋಡಬಾರದು — ಶುಗರ್ ಐತೆ ಅಂತ ಒಂದ್ ಮಾತು ಹೇಳ್ಬಾರ್ದಾ ಅಯ್ನೋರೆ, ಮನೆ ಯಜಮಾನ ಪ್ರಭುದೇವ್ ಕೇಳುತ್ತಾನೆ, ಹೇಗೆ ಹೇಳುವುದು, ಐದು ವರ್ಷದಿಂದ ಮುಚ್ಚಿಟ್ಟದ್ದು, ಕಾಯಿಲೆ ಬಿದ್ದ ಅಯ್ಯನವರನ್ನು ಶುಭಕಾರ್ಯಕ್ಕೆ ಯಾರು ಕರೆಯುತ್ತಾರೆ. ಸೂಜಿ ಹಾಕ್ಕಂಡಿದ್ದೀರ, ಒಂದಿಷ್ಟು ತಿನ್ಕಂಡ್ ಹೋಗ್ರಿ, ಬರಗೂರಿನ ಮನೆಯ ಬಾಗಿಲಲ್ಲಿ ಹೆಂಡತಿ ಚನ್ನಮಲ್ಲಮ್ಮ ಬೆಳಿಗ್ಗೆ ಅಂದಿದ್ದಳು, ಪೂಜೆ ಮುಗೀದೆ ಹೆಂಗ್ ತಿನ್ನಾದು, ಎಂಟಕ್ಕೆಲ್ಲ ಮುಗೀತದೆ ಬುಡು ಅಂದಿದ್ದ. ಮುಗಿಯುತ್ತಿತ್ತು, ಹಸು ಒಳಗೆ ಬಂದಿದ್ದರೆ, ಮೊದಲು ಹಸು ಹೊಗಬೇಕಲ್ಲ, ಅದೋ ಮಿರಮಿರ ಮಿಂಚುವ ಟೈಲ್ಸ್ ಕಂಡು ಹೊಸ್ತಿಲಲ್ಲೇ ಗೊರಸು ಊರಿ ನಿಂತುಬಿಟ್ಟಿತು, ಬಾಳೆಹಣ್ಣು ತೋರಿಸಿದರು, ಬೆಲ್ಲ ತೋರಿಸಿದರು, ಬಾಲ ತಿರುಚಿದರು, ಕೊನೆಗೆ ಗೋಣಿಚೀಲ ಹಾಸಿದರು, ಎಂಟೂವರೆ, ಒಂಬತ್ತು, ಒಂಬತ್ತೂವರೆ, ರುದ್ರಮುನಿಯ ಕೈಬೆರಳು ನಡುಗತೊಡಗಿದ್ದವು, ಹಸು ಅಲ್ಲೇ ನಿಂತಿರುವಾಗಲೇ ಅದರ ಹೊಟ್ಟೆಯ ಕೆಳಗಿಂದ ನುಸುಳಿ ಒಳಗೆ ಬಂದದ್ದು ಅವನ ನಾಯಿ ಕೆಂಚ.

ಮೊಪೆಡ್ಡಿನಲ್ಲಿ ಕಾಲಿಡುವ ಜಾಗದಲ್ಲಿ ಮುದುಡಿ ಕೂತು ಬರುತ್ತದೆ, ಪ್ರತಿ ಊರಿನ ಹೊರಗೇ ಇಳಿಸುತ್ತಾನೆ, ಅಯ್ಯನವರ ಹಿಂದೆ ನಾಯಿ ಅನ್ನಬಾರದು ಅಂತ, ಮೂರು ವರ್ಷದಿಂದ ಹೀಗೇ, ಸಕ್ಕರೆ ಇಳಿದು ಬೆವರು ಒಡೆಯುವ ಮೊದಲೇ ಅದಕ್ಕೆ ಗೊತ್ತಾಗುತ್ತದೆ, ಬಾಯಿ ಮೂಸುತ್ತದೆ, ಮುಂಗಾಲಲ್ಲಿ ಮಂಡಿ ಕೆರೆಯುತ್ತದೆ, ಯಾರೂ ಕಲಿಸಿದ್ದಲ್ಲ, ಫಾರಿನ್ನಲ್ಲಿ ಇಂಥ ನಾಯಿನ ಟ್ರೈನಿಂಗ್ ಕೊಟ್ಟು ಸಾಕ್ತಾರೆ ಕಣ್ರೀ, ನಿಮಗೆ ಪುಕ್ಸಟ್ಟೆ ಸಿಕ್ಕೈತೆ ಅಂದಿದ್ದರು ಸಿರಾದ ಡಾಕ್ಟರು. ಅಯ್ಯಯ್ಯೋ ನಾಯಿ, ಯಾರೋ ಕಿರುಚಿದರು, ಹಸುಗಿಂತ ಮುಂಚೆ ನಾಯಿ ಹೊಕ್ಬುಡ್ತಲ್ಲ, ಯಾರ್ ನಾಯಿ ಇದು ಅಯ್ನೋರೆ, ನಿಮ್ಮನ್ನೇ ಕೆರೀತೈತೆ, ಯಾವ್ದೋ ಬೀದಿ ನಾಯಿ ಕಣಪ್ಪ, ಓಡಿಸ್ರಿ, ಅಂದ. ಅಂದದ್ದು ತನ್ನ ಬಾಯಿಯೇ. ಅದು ಹೋಗಲಿಲ್ಲ, ಮತ್ತೆ ಮಂಡಿಯ ಮೇಲೆ ಕಾಲಿಟ್ಟಿತು, ಆಗ ಕೈಯಲ್ಲಿದ್ದ ಪೂಜೆಯ ಗಂಟೆ — ಎತ್ತಿದ್ದನ್ನು ಕಂಡೂ ಹಿಂದೆ ಸರಿಯಲಿಲ್ಲ, ಕಣ್ಣು ಮುಚ್ಚಿಕೊಂಡಿತು ಅಷ್ಟೇ. ಸಕ್ಕರೆ ಇಳಿದರೆ ಬುದ್ಧಿ ಸ್ಥಿಮಿತದಲ್ಲಿ ಇರುವುದಿಲ್ಲ ಅನ್ನಬಹುದು, ಚನ್ನಮಲ್ಲಮ್ಮನ ಹತ್ತಿರ ಹಾಗೇ ಹೇಳಬಹುದು, ನಂಬುತ್ತಾಳೆ, ಆದರೆ ಬುದ್ಧಿ ಇತ್ತು, ಎಲ್ಲರೂ ನೋಡುತ್ತಿದ್ದಾರೆ ಅನ್ನುವುದು ಗೊತ್ತಿತ್ತು, ಎಷ್ಟು ಜೋರಾಗಿ ಹೊಡೆದರೆ ನನ್ನದಲ್ಲ ಅಂತ ನಂಬುತ್ತಾರೆ ಅನ್ನುವುದೂ ಗೊತ್ತಿತ್ತು, ಥೂ, ಮುಚ್ಚಿದ ಆ ಕಣ್ಣು.

ಪಾಪ, ಆ ನಾಯಿಗೆ ಮೊದ್ಲೇ ಗೊತ್ತಾಗಿತ್ತೇನೋ ಅಯ್ನೋರೆ, ಅನ್ನುತ್ತಾಳೆ ಲೋಹಿತಾ, ನಮ್ದೇ ನಾಯಿ ಕಣಮ್ಮ, ಅನ್ನುತ್ತಾನೆ, ದನಿ ಏಳುವುದಿಲ್ಲ, ಇನ್ನೊಮ್ಮೆ ಅನ್ನುತ್ತಾನೆ, ನಮ್ದೇ, ಲೋಟ ಇಸಿದುಕೊಳ್ಳಲು ಚಾಚಿದ ಅವಳ ಕೈ ಹಾಗೇ ನಿಲ್ಲುತ್ತದೆ, ಎದ್ದು ನಡೆಯುತ್ತಾನೆ, ಗೇಟು, ಜಲ್ಲಿ, ಬಾರೋ ಕೆಂಚ, ಬರುತ್ತದೆ, ಕರೆದ ತಕ್ಷಣ ಬರುತ್ತದೆ, ರಕ್ತ ಒರೆಸೋಣವೆಂದು ಕೈ ಎತ್ತುತ್ತಾನೆ, ಕೈ ಎತ್ತಿದ್ದು ಕಂಡ ಕೂಡಲೇ ಅದರ ಮೈ ಬಿಗಿಯುತ್ತದೆ, ಓಡುವುದಿಲ್ಲ, ಕಣ್ಣು ಮುಚ್ಚಿಕೊಳ್ಳುತ್ತದೆ, ಕಣ್ಣು ಮುಚ್ಚಿಕೊಂಡೇ, ಏಟಿಗೆ ಕಾಯುತ್ತಲೇ, ಮೂಗನ್ನು ಅವನ ಬಾಯಿಯ ಹತ್ತಿರಕ್ಕೆ ಚಾಚಿ ಮೂಸುತ್ತದೆ.